ಎಡಗಾಲಿನ ಕಾವಲು

ನಾನು ಒಂದು ಶಿನ್ ಪ್ಯಾಡ್. ಫುಟ್‌ಬಾಲ್ ಆಡುವವರು ಮೊಣಕಾಲಿನ ಕೆಳಗೆ, ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುವ ಪ್ಲಾಸ್ಟಿಕ್ ಕವಚ, ಅದರಲ್ಲೂ ಎಡಗಾಲಿನದು. ಅಚ್ಚಿನಿಂದ ಈಚೆ ಬಿದ್ದು ಇನ್ನೂ ಮೈ ಆರಿರಲಿಲ್ಲ, ಕಾರ್ಖಾನೆಯವನೊಬ್ಬ ಕಬ್ಬಿಣದ ಗುಂಡಿನಿಂದ ನನಗೆ ಬಾರಿಸಿ, ಸೀಳಲಿಲ್ಲವೆಂದು ಖುಷಿಪಟ್ಟ. ಹುಟ್ಟಿದ ದಿನವೇ ಏಟು ತಿಂದವರು ಯಾರನ್ನು ತಾನೇ ನಂಬುತ್ತಾರೆ? ನನ್ನ ಜೋಡಿ ಬಲಗಾಲಿನದಕ್ಕೆ ಆ ಏಟು ಬೀಳಲಿಲ್ಲ. ಅದರ ಮೇಲೂ ನನಗೆ ಅನುಮಾನವೇ.

ಹಡಗಿನಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪಕ್ಕೆ ಬಂದೆವು. ಅಲ್ಲಿ ನಮ್ಮನ್ನು ಕೊಂಡವನು ಎಲ್ವಿನ್ ಲರೋಂಡ್, ದ್ವೀಪದ ತಂಡದ ಡಿಫೆಂಡರ್. ಅಲ್ಲಿಯವರೆಗೆ ಅವನು ರಟ್ಟಿನ ತುಂಡುಗಳನ್ನು ಕಾಲುಚೀಲದೊಳಗೆ ತುರುಕಿಕೊಂಡು ಆಡುತ್ತಿದ್ದನಂತೆ. ಅವನಿಗೂ ನನಗೂ ಚೆನ್ನಾಗಿ ಹೊಂದಿತು. ಎದುರಿನವನು ಎಡಕ್ಕೆ ನೋಡಿದರೆ ಬಲಕ್ಕೇ ಓಡುತ್ತಾನೆಂದು ಅನುಮಾನಿಸುವುದು ಅವನ ಕೆಲಸ. ಆರು ವರ್ಷ ಹಾಗೆ ಅನುಮಾನಿಸಿಯೇ ತಂಡದ ನಾಯಕನಾದ. ನನ್ನ ಮೈಮೇಲೆ ಗೀರಿಲ್ಲದ ಜಾಗ ಉಳಿಯಲಿಲ್ಲ.

ಅವನ ಗೆಳೆಯ ಡೆಸ್ಮಂಡ್ ಅದೇ ತಂಡದ ಬದಲಿ ಆಟಗಾರ. ಎಲ್ವಿನ್ ಆಡದಿದ್ದರೆ ಮಾತ್ರ ಅವನಿಗೆ ಅವಕಾಶ. ಇಬ್ಬರೂ ಒಂದೇ ಮಿನಿಬಸ್ಸಿನಲ್ಲಿ ಬರುತ್ತಿದ್ದರು, ಒಂದೇ ಪೊಟ್ಟಣದ ಹುರಿದ ಬಾಳೆಕಾಯಿ ತಿನ್ನುತ್ತಿದ್ದರು. ನಾನು ಮಾತ್ರ ಡೆಸ್ಮಂಡನ ಬೂಟಿನ ಮೇಲೆ ಒಂದು ಕಣ್ಣಿಟ್ಟಿದ್ದೆ. ದೊಡ್ಡ ಪಂದ್ಯಕ್ಕೆ ಎರಡು ದಿನವಿರುವಾಗ, ಅಭ್ಯಾಸದಲ್ಲಿ, ಆ ಬೂಟು ಬಂದು ನನಗೇ ತಗುಲಿತು. ನಡುಮೈಯಲ್ಲಿ ಸೀಳು ಬಿತ್ತು. ಅವನು ಮತ್ತೆ ಮತ್ತೆ ಕ್ಷಮೆ ಕೇಳಿದ. ನಾನು ನಂಬಲಿಲ್ಲ.

ಪಂದ್ಯದ ದಿನ ಎಲ್ವಿನ್ ಮುಖ ತೊಳೆಯಲು ಹೋಗಿದ್ದಾಗ ಡೆಸ್ಮಂಡ್ ಮೆಲ್ಲಗೆ ಬಂದು ನಮ್ಮ ಚೀಲಕ್ಕೆ ಕೈ ಹಾಕಿದ. ತನ್ನದೇ ಎಡಗಾಲಿನ ಶಿನ್ ಪ್ಯಾಡನ್ನು ನನ್ನ ಪಕ್ಕದಲ್ಲಿಟ್ಟ. ಹೊಸದು, ಹೊಳೆಯುತ್ತಿತ್ತು. ನನಗೆ ಉರಿದುಹೋಯಿತು. ನನ್ನ ಜಾಗ ಇದಕ್ಕೆ, ಎಲ್ವಿನ್‌ನ ಜಾಗ ಅವನಿಗೆ; ಏನೋ ಹುನ್ನಾರ ನಡೆದಿದೆ ಎಂದುಕೊಂಡೆ. ಮುಖ ತೊಳೆದು ಬಂದ ಎಲ್ವಿನ್ ಕೂಡ ಅದು ಯಾರದೆಂದು ಗುರುತಿಸಿ ಹಾಗೇ ಎಣಿಸಿರಬೇಕು. ಅದನ್ನು ತೆಗೆದು ಬೆಂಚಿನ ಕೆಳಗೆ ಎಸೆದ. ನನ್ನ ಸೀಳಿಗೆ ಟೇಪು ಸುತ್ತಿ, ಯಾರಿಗೂ ಹೇಳದೆ ಕಟ್ಟಿಕೊಂಡ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹನ್ನೊಂದನೇ ನಿಮಿಷದಲ್ಲಿ ಎದುರಾಳಿಯ ಕಾಲು ಬಂತು. ನಾನು ಎರಡಾದೆ. ನನ್ನ ಹಿಂದಿದ್ದ ಮೂಳೆಯೂ ಮುರಿಯಿತು. ಎಲ್ವಿನ್ ಮತ್ತೆ ಆಡಲಿಲ್ಲ.

ಕುಂಟುತ್ತಲೇ ಅವನು ಕೋಚ್ ಆದ. ಮೊದಲು ಶಾಲೆಗಳಲ್ಲಿ, ಆಮೇಲೆ ದ್ವೀಪದ ಹೆಣ್ಣುಮಕ್ಕಳ ತಂಡಕ್ಕೆ. ನನ್ನ ಎರಡು ತುಂಡುಗಳನ್ನು ಟೇಪಿನಿಂದ ಜೋಡಿಸಿ ಕೋಚ್ ಚೀಲದ ಪಕ್ಕದ ಜೇಬಿನಲ್ಲಿ ಇಟ್ಟುಕೊಂಡ. ಸಹಾಯಕ ಕೋಚ್ ಆಗಿ ಯಾರನ್ನು ಕರೆದ ಗೊತ್ತೇ? ಡೆಸ್ಮಂಡನನ್ನು. ಅವನ ಕೈ ಚೀಲದ ಹತ್ತಿರ ಬಂದಾಗಲೆಲ್ಲ ನನ್ನ ಮೈ ಬಿಗಿಯುತ್ತಿತ್ತು.

ಮೊನ್ನೆ, ಸೆಮಿಫೈನಲ್ಲಿನ ಹಿಂದಿನ ಸಂಜೆ, ಡಿಫೆಂಡರ್ ಕರ್ಲೀನ್‌ಳ ಕಣಕಾಲು ಊದಿತ್ತು. ಡೆಸ್ಮಂಡ್ ಐಸ್ ತಂದರೆ ಅವಳು ಬೇಡವೆಂದು ಕಾಲುಚೀಲ ಮೇಲೆಳೆದುಕೊಂಡಳು. ಊತ ಕಂಡರೆ ತನ್ನ ಜಾಗವನ್ನು ಇವನು ಹೊಸಬಳೊಬ್ಬಳಿಗೆ ಕೊಡಿಸುತ್ತಾನೆಂಬ ಭಯ ಅವಳಿಗೆ. ಅವಳ ಅನುಮಾನ ಸರಿಯೆಂದೇ ನನಗನ್ನಿಸಿತು. ಎಲ್ವಿನ್ ಪಕ್ಕದಲ್ಲಿ ಕುಳಿತು ನನ್ನನ್ನು ಹೊರತೆಗೆದ.

“ಇದು ಸೀಳಿದ್ದು ಡೆಸ್ಮಂಡ್ ಕಾಲಿಂದ,” ಎಂದ. “ನನ್ನ ಕಾಲು ಮುರಿದಿದ್ದು ಮಾತ್ರ ನನ್ನಿಂದಾನೇ. ಅವನು ತನ್ನದನ್ನೇ ಬಿಚ್ಚಿ ನನ್ನ ಚೀಲದಲ್ಲಿ ಇಟ್ಟಿದ್ದ. ನಾನು ಎಸೆದುಬಿಟ್ಟೆ. ನಾನು ಬಿದ್ದ ಮೇಲೆ ಅವನು ಎಡಗಾಲಿಗೆ ರಟ್ಟು ಕಟ್ಕೊಂಡು ಇಳಿದ.”

ಡೆಸ್ಮಂಡ್ ಐಸನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

“ಹೇಳಿದ್ರೆ ಜಾಗ ಹೋಗತ್ತೆ, ಕೋಚ್,” ಎಂದಳು ಕರ್ಲೀನ್.

“ನಾಳೆ ಒಂದಿನ ಹೋಗತ್ತೆ. ಕಾಲು ಉಳಿಯತ್ತೆ.”

ಅವಳು ಕಾಲುಚೀಲ ಇಳಿಸಿದಳು. ಡೆಸ್ಮಂಡ್ ಮಂಡಿಯೂರಿ ಐಸ್ ಇಟ್ಟ. ಆಮೇಲೆ ನನ್ನನ್ನು ಜೇಬಿಗೆ ಸೇರಿಸಿದವನೂ ಅವನೇ. ಟೇಪು ಸಡಿಲವಾಗಿದ್ದಲ್ಲಿ ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ.

ಈಗ ನನಗೆ ಅನುಮಾನ ಉಳಿದಿರುವುದು ಒಬ್ಬರ ಮೇಲೆ ಮಾತ್ರ. ಆ ಹೊಸ ಪ್ಯಾಡು ಬೆಂಚಿನ ಕೆಳಗೆ ಬಿದ್ದಾಗ ಖುಷಿಪಟ್ಟದ್ದು ನಾನು. ಎಲ್ವಿನ್‌ನ ಕಾಲು ಕಾಯುವುದಕ್ಕೆಂದೇ ಹುಟ್ಟಿದ ನಾನು.