ಒಡ್ನಿಯ ಮನೆಯ ಏಳು ಬಗೆ

ನಮ್ಮ ಬ್ರೆಕ್‌ದಾಲ್ ಕಣಿವೆಯಲ್ಲಿ ನಿಜವಾದ ಕಷ್ಟ ಶುರುವಾಗುವುದು ಕ್ರಿಸ್ಮಸ್ ಮುಗಿದ ಮೇಲೆ. ಹಬ್ಬದ ದಿನ ಹೇಗೋ ಚರ್ಚಿಗೆ ಹೋಗಿ ಬಂದು, ಉಪ್ಪು ಹಚ್ಚಿ ಒಣಗಿಸಿದ ಕುರಿಯ ಪಕ್ಕೆಲುಬು ತಿಂದು, ಮಲಗಿಬಿಡಬಹುದು. ಆದರೆ ಅಲ್ಲಿಂದ ಹೊಸ ವರ್ಷದವರೆಗಿನ ವಾರವಿದೆಯಲ್ಲ, ಆಗ ಎಲ್ಲರೂ ಎಲ್ಲರ ಮನೆಗೂ ಹೋಗಬೇಕು. ಮೊಣಕಾಲುದ್ದ ಹಿಮ ಬಿದ್ದಿರಲಿ, ರಸ್ತೆಯೇ ಕಾಣದಿರಲಿ, ಬಿಡುವಂತಿಲ್ಲ. ಹೋದವರ ಮುಂದೆ ಏಳು ಬಗೆ ತಿಂಡಿ ಇಡಬೇಕು. ಆರಿಟ್ಟರೆ ಮನೆಯೊಡತಿ ಸೋಮಾರಿ, ಎಂಟಿಟ್ಟರೆ ಜಂಬದವಳು. ಬಂದವರು ಒಂದನ್ನು ಬಿಟ್ಟು ಎದ್ದರೆ ಅವರಿಗೆ ಕೊಬ್ಬು. ಏನನ್ನೂ ಮುಟ್ಟದೆ ಎದ್ದು ಹೋದರಂತೂ ಮುಗಿದೇ ಹೋಯಿತು, ಆ ಮನೆಯ ಕ್ರಿಸ್ಮಸ್ಸನ್ನೇ ಎತ್ತಿಕೊಂಡು ಹೋದ ಹಾಗೆ. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿ ನೋಡಿ, ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆದರೂ ಹಾಗೆ ಹೊರಟವರನ್ನು ಬಾಗಿಲಿಗೆ ಅಡ್ಡ ನಿಂತು ತಡೆಯುತ್ತೇವೆ.

ನಾನು ಗುನ್‌ವೋರ್. ಚರ್ಚಿನ ಗಂಟೆ ಹೊಡೆಯುವುದು, ಮೆಟ್ಟಿಲ ಮೇಲಿನ ಹಿಮ ತೆಗೆಯುವುದು, ಪಾದ್ರಿಗಳಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಮೊದಲ ಎರಡಕ್ಕೆ ಸಂಬಳವಿದೆ.

ಈಗಿನ ಪಾದ್ರಿ ತಿರಿಲ್. ಇನ್ನೂ ಮೂವತ್ತರ ಹುಡುಗಿ, ದಕ್ಷಿಣದ ಪಟ್ಟಣದವಳು. ಹಳೆಯ ಪಾದ್ರಿ ನಿವೃತ್ತಿಯಾದಾಗ ಬೇಸಿಗೆಯಲ್ಲಿ ತಾತ್ಕಾಲಿಕವಾಗಿ ಬಂದವಳು. ಇವಳಿಗಿಂತ ಮುಂಚೆ ಎಷ್ಟೋ ಊರುಗಳಲ್ಲಿ ಹೀಗೇ ಯಾರದೋ ಜಾಗದಲ್ಲಿ ಕೆಲವು ತಿಂಗಳು ನಿಂತು ಎದ್ದು ಬಂದಿದ್ದಳಂತೆ. "ಇಲ್ಲಿಗೆ ಬಂದ್ಮೇಲೇ ನನ್ನ ಪೆಟ್ಟಿಗೆಗಳನ್ನೆಲ್ಲ ಪೂರ್ತಿ ಬಿಚ್ಚಿರೋದು, ಗುನ್‌ವೋರ್. ಇಲ್ಲೇ ಇರೋಕೆ ಬಿಟ್ರೆ ಸಾಕು ಅನ್ಸುತ್ತೆ," ಎಂದು ಒಮ್ಮೆ ಹೇಳಿದ್ದಳು. ಅವಳನ್ನು ಕಾಯಂ ಮಾಡಿ ಎಂದು ಬಿಷಪ್ಪರಿಗೆ ಬರೆಯುವುದೋ ಬೇಡವೋ ಎಂದು ಜನವರಿಯಲ್ಲಿ ಚರ್ಚಿನ ಸಮಿತಿ ತೀರ್ಮಾನಿಸಬೇಕಿತ್ತು. ಸಮಿತಿ ಎಂದರೆ ಒಡ್ನಿ. ಹೆಸರಿಗೆ ಇನ್ನೂ ಕೆಲವರಿದ್ದಾರೆ, ಅವರು ಒಡ್ನಿ ಕೈ ಎತ್ತಿದಾಗ ತಾವೂ ಎತ್ತುತ್ತಾರೆ.

ಒಡ್ನಿ ಮೇಲಿನ ತೋಟದ ಮನೆಯವಳು. ಎಪ್ಪತ್ತು ದಾಟಿದವಳು, ಮಾತು ಕಡ್ಡಿ ಮುರಿದ ಹಾಗೆ. ಒಂದು ಕಾಲದಲ್ಲಿ ಅವಳ ತಿಂಡಿಗೆ ಕಣಿವೆಯಲ್ಲೇ ಸಾಟಿ ಇರಲಿಲ್ಲ. ಗಂಡ ತೊರ್ಗೇರ್ ಸತ್ತ ವರ್ಷ ತಿಂಡಿಯ ಅಚ್ಚುಗಳನ್ನೆಲ್ಲ ಅಟ್ಟಕ್ಕೆ ಹಾಕಿದವಳು ಮತ್ತೆ ಇಳಿಸಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಪಾಪ, ಅಷ್ಟು ದುಃಖ ಎಂದುಕೊಂಡು ನಾವು ಅವಳ ಮನೆಗೆ ಹೋದಾಗ ಬರೀ ಕಾಫಿ ಕುಡಿದು, ಒಂದು ತುಂಡು ಬ್ರೆಡ್ಡು ತಿಂದು ಬರುತ್ತಿದ್ದೆವು.

ಹಾಗಾಗಿ ಕ್ರಿಸ್ಮಸ್ಸಿನ ಮೂರನೆಯ ದಿನ ತಿರಿಲ್ ಜೊತೆ ಮನೆಮನೆ ಸುತ್ತಲು ಹೊರಟಾಗ ನಾನು ಬಹಳ ತಿಳಿದವಳ ಹಾಗೆ ಲೆಕ್ಕ ಹಾಕಿ ಹೇಳಿದೆ: "ಒಡ್ನಿ ಮನೆ ಕೊನೆಗಿಟ್ಕೊ. ಅಲ್ಲಿ ಬರೀ ಕಾಫಿ. ಬೇರೆ ಕಡೆ ಯಾರ ಮನಸ್ಸೂ ನೋಯಿಸ್ಬೇಡ, ಹೊಟ್ಟೆ ತುಂಬಾ ತಿನ್ನು."

ಹುಡುಗಿ ಹೇಳಿದಂತೆ ಕೇಳುವವಳು. ಎಲ್ಲ ಮನೆಗಳಲ್ಲೂ ಏಳಕ್ಕೆ ಏಳನ್ನೂ ತಿಂದಳು. ಎಣ್ಣೆಯಲ್ಲಿ ಕರಿದದ್ದು, ಅಚ್ಚಿನಲ್ಲಿ ಒತ್ತಿದ್ದು, ಸುರುಳಿ ಸುತ್ತಿ ಕೆನೆ ತುಂಬಿದ್ದು, ಎಲ್ಲದರಲ್ಲೂ ಬೆಣ್ಣೆ, ಎಲ್ಲದರಲ್ಲೂ ಏಲಕ್ಕಿ. ಮೇಲಿನ ತೋಟದ ದಾರಿ ಹತ್ತುವಾಗ ಅವಳ ನಡಿಗೆ ತುಂಬು ಬಸುರಿಯ ನಡಿಗೆಯಾಗಿತ್ತು.

"ಇನ್ನು ಕಾಫಿ ತಾನೇ?" ಎಂದಳು ಏದುಸಿರು ಬಿಡುತ್ತ.

"ಬರೀ ಕಾಫಿ," ಎಂದೆ ನಾನು.

ಒಡ್ನಿ ಬಾಗಿಲು ತೆರೆದಳು. ಹಬ್ಬದ ಲಂಗ, ಎದೆಯ ಮೇಲೆ ಬೆಳ್ಳಿಯ ಪದಕ. ಒಳಗೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಏಳು ತಟ್ಟೆ, ಒಂದೊಂದರಲ್ಲೂ ಗೋಪುರದಂತೆ ತಿಂಡಿ. ಮನೆಯೆಲ್ಲ ಏಲಕ್ಕಿಯ ಘಮ. ತಿರಿಲ್ ಮುಖ ಮೊದಲು ಬಿಳಿಚಿತು, ಆಮೇಲೆ ಹಸಿರಾಯಿತು. ಬಾಯಿಗೆ ಕೈ ಅಡ್ಡ ಹಿಡಿದು, "ಕ್ಷಮಿಸಿ, ನನಗೊಂದು ಫೋನು ಬರೋದಿದೆ," ಎಂದು ಏನೋ ಬಡಬಡಿಸಿ, ಕೋಟಿನ ಗುಂಡಿ ಕೂಡ ಹಾಕದೆ ಹೊರಗೆ ಓಡಿದಳು. ಕೊಟ್ಟಿಗೆಯ ಹಿಂದಿನ ಹಿಮದಲ್ಲಿ ಆಮೇಲೆ ಏನಾಯಿತು ಎಂಬುದನ್ನು ನಾನು ಹೇಳುವುದಿಲ್ಲ. ಪಾದ್ರಿಗಳಿಗೂ ಮಾನವಿದೆ.

ಅವಳ ಹಿಂದೆಯೇ ನಾನೂ ಓಡಿದೆ. ಹಾಗಾಗಿ ಒಡ್ನಿಯ ಮನೆಯಿಂದ ಒಬ್ಬರಲ್ಲ, ಇಬ್ಬರು ಕ್ರಿಸ್ಮಸ್ ಹೊತ್ತುಕೊಂಡು ಹೋದಂತಾಯಿತು.

ಮರುದಿನ ಬೆಳಗ್ಗೆ ನನ್ನ ಗಂಡ ಐವಿನ್ ಹಾಲು ತರಲು ಹೋದವನು ಸುದ್ದಿ ತಂದ. "ಒಡ್ನಿ ಕಿಟಕಿಯಲ್ಲಿದ್ದ ನಕ್ಷತ್ರದ ದೀಪ ತೆಗ್ದಿದಾಳೆ. ಹಬ್ಬಕ್ಕೆ ಅಂತ ಬಾಗಿಲ ಹತ್ರ ಹಕ್ಕಿಗಳಿಗೆ ಕಟ್ಟಿದ್ದ ತೆನೆನೂ ಬಿಚ್ಚಿ ಹಾಕಿದಾಳೆ. ಏನು ಮಾಡಿದ್ರಿ ನೀವಿಬ್ರು?"

ತಿರಿಲ್ ನಮ್ಮ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. "ನಾನು ಹೋಗಿ ಕ್ಷಮೆ ಕೇಳ್ತೀನಿ."

"ಕೇಳಿದ್ರೆ ಏನಾಗುತ್ತೆ ಗೊತ್ತಾ? 'ಪರವಾಗಿಲ್ಲ' ಅಂತಾಳೆ ಅಷ್ಟೇ. ಅವಳು ಪರವಾಗಿಲ್ಲ ಅಂದ್ರೆ ಸಾಯೋವರೆಗೂ ಮರೆಯಲ್ಲ ಅಂತ," ಎಂದೆ. "ನೀನು ಹೋಗ್ಬೇಕು, ತಿನ್ಬೇಕು. ಬೇರೆ ದಾರಿ ಇಲ್ಲ."

"ನನ್ನನ್ನ ಒಳಗೆ ಬಿಡ್ತಾರಾ?"

"ನಿನ್ನನ್ನ ಬಿಡಲ್ಲ. ಹೋತಾನ ಬಿಡ್ಲೇಬೇಕು."

ಈ ವಾರದಲ್ಲಿ ಹೋತದ ಮುಖವಾಡ ಹಾಕಿ ಮನೆಮನೆಗೆ ಹೋಗುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದು. ಹೋತವನ್ನು ಹೊರಗೆ ನಿಲ್ಲಿಸುವಂತಿಲ್ಲ. ದನಿ ಗುರುತು ಸಿಗಬಾರದೆಂದು ಹೋತಗಳು ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡುತ್ತವೆ. ಮನೆಯವರು ಯಾರೆಂದು ಊಹಿಸಬೇಕು. ಸರಿಯಾಗಿ ಹೇಳಿದರೆ ಮುಖವಾಡ ತೆಗೆಯಬೇಕು, ಹೇಳಲಾಗದಿದ್ದರೆ ಮುಖವಾಡದಲ್ಲೇ ತಿನ್ನಿಸಿ ಕಳಿಸಬೇಕು. ಐವಿನ್ ಅಟ್ಟದಿಂದ ಎರಡು ಮುಖವಾಡ ಇಳಿಸಿದ. ಒಂದನ್ನು ತಿರಿಲ್‌ಗೆ ಕೊಟ್ಟು, ಇನ್ನೊಂದನ್ನು ಹಿಡಿದು ನನ್ನನ್ನೇ ದಿಟ್ಟಿಸಿ, "ನಿಂಗ್ಯಾಕೆ ಇದು, ಹಾಗೇ ಹೋದ್ರೂ ನಡೆಯುತ್ತೆ," ಎಂದ. ಆ ಮಾತಿಗೆ ಅವನಿಗೆ ಮಧ್ಯಾಹ್ನ ತಂಗಳು ಗಂಜಿಯೇ ಗತಿಯಾಯಿತು.

ಮಧ್ಯಾಹ್ನ ಕಳೆಯುತ್ತಿದ್ದಂತೆ ಕತ್ತಲು. ಮೇಲಿನ ತೋಟದ ಬಾಗಿಲು ಬಡಿದೆವು. ಒಡ್ನಿ ದೀಪ ಎತ್ತಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಬೆಳ್ಳಿಯ ಪದಕ ಇರಲಿಲ್ಲ, ಮಾಸಿದ ಸ್ವೆಟರು ಹಾಕಿದ್ದಳು.

"ಈ ವರ್ಷ ನಮ್ಮನೇಲಿ ಹಬ್ಬ ಇಲ್ಲ," ಎಂದಳು. ಆದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನನ್ನನ್ನು ನೋಡಿ, "ಗುನ್‌ವೋರ್, ಮುಖವಾಡ ತೆಗಿ. ಆ ಕೋಟಿಗೆ ಗುಂಡಿ ಹೊಲಿದುಕೊಟ್ಟಿದ್ದು ನಾನು," ಎಂದಳು. ನಾನು ತೆಗೆದೆ. ಎರಡನೆಯ ಹೋತದ ಸುತ್ತ ಒಂದು ಸುತ್ತು ಬಂದಳು. ತಿರಿಲ್‌ಳ ಕೆಂಪು ಬೂಟು ಕಣಿವೆಯಲ್ಲೇ ಇನ್ನೊಬ್ಬರ ಹತ್ತಿರ ಇಲ್ಲ. ಬೂಟು ಬದಲಿಸಬೇಕಿತ್ತೆಂದು ನನಗೆ ಹೊಳೆದದ್ದೇ ಆಗ.

"ಅಂಚೆಯವನ ಮಗಳಾ?" ಎಂದಳು ಒಡ್ನಿ.

"ಅಲ್ಲ," ಎಂದಿತು ಹೋತ, ಉಸಿರು ಒಳಗೆಳೆದು.

"ದನದ ಡಾಕ್ಟರಾ?"

"ಅಲ್ಲ."

"ಹಾಗಾದ್ರೆ ನಂಗೆ ಗೊತ್ತಾಗಲ್ಲಪ್ಪ. ವಯಸ್ಸಾಯ್ತು, ಕಣ್ಣು ಮಂಜು," ಎಂದಳು ಆ ಹೆಂಗಸು, ಎದುರು ಬೆಟ್ಟದ ಮೇಲಿನ ಕುರಿಗಳನ್ನು ಇಲ್ಲಿಂದಲೇ ಎಣಿಸುವವಳು. "ಗೊತ್ತಾಗದ ಹೋತಕ್ಕೆ ಮುಖವಾಡದಲ್ಲೇ ತಿನ್ನಿಸ್ಬೇಕು. ಕೂತ್ಕೊ."

ಕಪಾಟಿನಿಂದ ಏಳು ತಗಡಿನ ಡಬ್ಬಿ ತಂದು ಸಾಲಾಗಿ ಇಟ್ಟಳು. ಹೋತ ಮುಖವಾಡದ ಬಾಯಿಯ ಸೀಳಿನೊಳಗೆ ಮೊದಲನೆಯದನ್ನು ತುರುಕಿಕೊಂಡಿತು. ಒಡ್ನಿ ಎದುರು ಕೂತು, ಹೋತಕ್ಕೋ ಗೋಡೆಗೋ ಎಂಬಂತೆ ಮಾತಾಡತೊಡಗಿದಳು.

"ನಮ್ಮೂರಿಗೆ ಒಬ್ಬಳು ಪಾದ್ರಿ ಬಂದಿದಾಳೆ, ಹೋತವೇ. ದನಿ ಚೆನ್ನಾಗಿದೆ. ಉಪದೇಶ ಗಿಡ್ಡ, ಅದೂ ಒಳ್ಳೇದೇ. ತೊರ್ಗೇರ್ ಸತ್ತಾಗ ಊರೆಲ್ಲ ಬಂದು ದೇವರಂಥ ಮನುಷ್ಯ ಅಂದ್ರು. ಇವಳು ಬೇಸಿಗೇಲಿ ಬಂದವಳು, ಅವನ ಮುಖಾನೇ ನೋಡಿಲ್ಲ. ಚರ್ಚಿನ ಅಂಗಳದಲ್ಲಿ ನನ್ನ ಪಕ್ಕ ನಿಂತು ಕೇಳಿದ್ಲು, ಅವರ ಯಾವ ಗುಣ ಕಂಡ್ರೆ ನಿಮಗೆ ಮೈ ಉರೀತಿತ್ತು ಅಂತ. ಅಯ್ಯೋ, ಹೇಳ್ದೆ ನೋಡು! ಹೇಳ್ತಾ ಹೇಳ್ತಾ ಕತ್ತಲಾಯ್ತು. ಮನೆಗೆ ಬಂದು ಅಚ್ಚುಗಳನ್ನ ಕೆಳಗಿಳಿಸ್ದೆ."

ಹೋತ ಮೂರನೆಯದರಲ್ಲಿತ್ತು. ಮುಖವಾಡದ ಗಡ್ಡದಿಂದ ಪುಡಿ ಉದುರುತ್ತಿತ್ತು.

"ಅವಳಿಗೋಸ್ಕರ ಒಲೆ ಹಚ್ಚಿದ್ದು. ಅವಳು ಬಂದ್ಲು, ಮೇಜು ನೋಡಿದ್ಲು, ಹೆಣ ಕಂಡವಳ ಹಾಗೆ ಓಡಿದ್ಲು. ನನ್ನ ತಿಂಡಿ ನೋಡಿದ್ರೇ ಜನ ಓಡೋ ಹಾಗಾಯ್ತು ಅಂದ್ಕೊಂಡೆ. ಇನ್ನು ಈ ಮನೇಲಿ ಇದೆಲ್ಲ ಸಾಕು ಅಂತ ದೀಪ ತೆಗ್ದೆ."

ಐದನೆಯದು ಹೋಯಿತು. ಆರನೆಯದಕ್ಕೆ ಹೋತ ಬಹಳ ಹೊತ್ತು ತೆಗೆದುಕೊಂಡಿತು. ಕೊನೆಯ ಡಬ್ಬಿಯಲ್ಲಿದ್ದದ್ದು ಕಾಳುಮೆಣಸು ಹಾಕಿ ಮಾಡಿದ ಗಟ್ಟಿ ಬಿಸ್ಕತ್ತು. ಅದನ್ನು ನುಂಗಿದ ಮೇಲೆ ತಿರಿಲ್ ಯಾರೂ ಹೇಳದೆಯೇ ಮುಖವಾಡ ತೆಗೆದಳು. ಕಣ್ಣಲ್ಲಿ ನೀರು, ಗಲ್ಲದ ತುಂಬ ಸಕ್ಕರೆ.

"ಎಲ್ಲಾ ಕಡೆ ತಿಂದು ಬಂದಿದ್ದೆ, ಒಡ್ನಿ. ಇಲ್ಲಿ ಬರೀ ಕಾಫಿ ಅಂದ್ಕೊಂಡಿದ್ದೆ. ಫೋನು ಗೀನು ಏನೂ ಇರ್ಲಿಲ್ಲ."

"ಕೊಟ್ಟಿಗೆ ಹಿಂದೆ ಹೋಗಿ ನೋಡಿದೀನಿ. ಗೊತ್ತು," ಎಂದಳು ಒಡ್ನಿ. "ಇವತ್ತು ಬೆಳಗ್ಗೆ ನೋಡ್ದೆ. ಆಗ ಸ್ವಲ್ಪ ಸಮಾಧಾನ ಆಯ್ತು. ಆದ್ರೂ ಇವತ್ತು ನೀನು ಬರ್ದೇ ಇದ್ದಿದ್ರೆ ಜನವರೀಲಿ ನಾನು ಕೈ ಎತ್ತುತಿರ್ಲಿಲ್ಲ."

ಅವಳು ಡಬ್ಬಿಗಳ ಮುಚ್ಚಳ ಒಂದೊಂದಾಗಿ ಮುಚ್ಚತೊಡಗಿದಳು.

"ತೊರ್ಗೇರ್‌ಗೆ ಸಿಹಿ ಅಂದ್ರೆ ಆಗ್ತಾನೇ ಇರ್ಲಿಲ್ಲ. ಮದುವೆಯಾದ ಮೊದಲ್ನೇ ಕ್ರಿಸ್ಮಸ್‌ಗೆ ನಂಗೆ ಬೇಜಾರಾಗಬಾರ್ದು ಅಂತ ಏಳೂ ತಿಂದ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ನಲವತ್ತು ವರ್ಷ ತಿಂದ. ಅವನನ್ನ ಮಣ್ಣು ಮಾಡಿದ ದಿನ ಅವನ ತಂಗಿ ನಗ್ತಾ ನಗ್ತಾ ನಂಗೆ ಇದನ್ನೆಲ್ಲ ಹೇಳಿದ್ಲು. ಇವರೆಲ್ಲ ನಾನು ದುಃಖಕ್ಕೆ ಅಚ್ಚು ಎತ್ತಿಟ್ಟೆ ಅಂದ್ಕೊಂಡ್ರು. ದುಃಖ ಅಲ್ಲ ಕಣೇ, ನಾಚಿಕೆ. ಒಬ್ಬ ಮನುಷ್ಯನಿಗೆ ಅಷ್ಟು ವರ್ಷ ಹಿಂಸೆ ಕೊಟ್ನಲ್ಲ ಅಂತ. ಈಗ ನೀನು ತಿನ್ನೋದು ನೋಡ್ತಿದ್ದೆ. ಅವನೂ ಹೀಗೇ, ಒಂದೊಂದೇ, ನಿಧಾನವಾಗಿ, ಒಂದು ಚೂರೂ ಬಿಡದೆ. ರುಚಿಗೆ ಹಾಗೆ ತಿಂತಾನೆ ಅಂದ್ಕೊಂಡಿದ್ದೆ."

ಅಷ್ಟು ವರ್ಷ ಪಕ್ಕದಲ್ಲೇ ಇದ್ದು ನಾನು ಒಮ್ಮೆಯೂ ಅವಳನ್ನು ಏನೂ ಕೇಳಿರಲಿಲ್ಲ.

"ಮುಂದಿನ ವರ್ಷ ಐದೇ ಬಗೆ ಮಾಡ್ತೀನಿ," ಎಂದಳು ಒಡ್ನಿ ಇದ್ದಕ್ಕಿದ್ದಂತೆ. "ಊರವರು ಏನಾದ್ರೂ ಅಂದ್ಕೊಳ್ಲಿ. ನೀನೂ ಬದುಕ್ಬೇಕಲ್ಲ."

"ಮುಂದಿನ ವರ್ಷವಾ?" ಎಂದಳು ತಿರಿಲ್.

"ಹೂಂ, ಅದರಾಚೆ ವರ್ಷಾನೂ. ಸಮಿತೀಲಿ ಬೇಡ ಅನ್ನೋ ಗಂಡು ಯಾವನಿದಾನೆ ನೋಡೋಣ. ಆದ್ರೆ ಒಂದು ಮಾತು ಈಗ್ಲೇ ಹೇಳಿಬಿಡು. ಈ ಏಳರಲ್ಲಿ ನಿಂಗೆ ಹಿಡಿಸ್ದೇ ಇದ್ದಿದ್ದು ಯಾವುದು?"

ತಿರಿಲ್ ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ. ಕೊನೆಗೆ ಅವಳು ಮೆಲ್ಲಗೆ ಬೆರಳು ಚಾಚಿ ಕಾಳುಮೆಣಸಿನ ಬಿಸ್ಕತ್ತಿನ ಡಬ್ಬಿ ತೋರಿಸಿದಳು.

ಒಡ್ನಿ ಆ ಡಬ್ಬಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನಗಲು ಹೊರಟವಳ ಕಣ್ಣೀರು ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.

"ನೋಡು," ಎಂದಳು, "ಇಷ್ಟೇ ಅಲ್ವಾ? ಒಂದೇ ಒಂದ್ಸಲ ಹೀಗೆ ತೋರಿಸಿದ್ರೆ ಸಾಕಾಗಿತ್ತಲ್ಲ ಆ ಮನುಷ್ಯ."