ಎಂಟನೇ ಮಹಡಿಯ ಸಾಕ್ಷಿ

ಲಿಫ್ಟ್ ಮೆಕ್ಯಾನಿಕ್‌ಗೆ ಲಿಫ್ಟಿನೊಳಗೆ ನಿಲ್ಲಲು ಭಯ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬುವುದಿಲ್ಲ. ಹತ್ತೊಂಬತ್ತು ವರ್ಷ ಅವನ ಮಾನ ಉಳಿಸಿದ್ದು ಅದೇ. ಡಬ್ಬಿಯ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಕ್ಕೆ ಎಣ್ಣೆ ಹಚ್ಚುವಾಗ ಅವನು ಹುಲಿ. ಅದೇ ಡಬ್ಬಿಯ ಒಳಗೆ ನಿಂತು ಬಾಗಿಲು ಮುಚ್ಚಿತೋ, ಅಂಗೈ ಬೆವರುತ್ತಿತ್ತು. ಹಾಗಾಗಿ ಎಲ್ಲಿಗೆ ಹೋದರೂ ಮೆಟ್ಟಿಲೇ. ಕೇಳಿದವರಿಗೆ "ಮೈಗೆ ಒಳ್ಳೇದು" ಎನ್ನುತ್ತಿದ್ದ. ಹೆಂಡತಿ ನಂಬಿದ್ದಳು, ನಂಬಿದ್ದಷ್ಟೇ ಅಲ್ಲ, ಗಂಡನ ಕಸರತ್ತಿನ ಬಗ್ಗೆ ನೆಂಟರಿಗೆಲ್ಲ ಕೊಚ್ಚಿಕೊಂಡೂ ಇದ್ದಳು. ನಿಜ ಹೊರಬಿದ್ದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂಬುದು ಅವನ ಎರಡನೆಯ ಭಯ. ಮೊದಲನೆಯದಕ್ಕಿಂತ ಅದೇ ದೊಡ್ಡದು.

ಆ ಭಾನುವಾರ ಮಧ್ಯಾಹ್ನ ಅತ್ತೆಯ ತಂಗಿ ಚಿಕ್ಕತ್ತೆಯ ಮನೆಯಲ್ಲಿ ಪ್ರಾರ್ಥನಾಕೂಟವಿತ್ತು. ಆಕೆ ಆಪರೇಷನ್ ಆಗಿ ಗುಣವಾಗಿದ್ದಕ್ಕೆ ಕೃತಜ್ಞತೆ ಹೇಳುವ ಕೂಟ. ಮನೆ ಎಂಟನೇ ಮಹಡಿಯಲ್ಲಿ. ಹೆಂಡತಿ ಬೆಳಗ್ಗೆಯೇ ಹೋಗಿದ್ದಳು. ಅತ್ತೆಯನ್ನು ಕರೆತರುವ ಭಾರ ಇವನ ಮೇಲೆ ಬಿತ್ತು.

"ನೀವು ಲಿಫ್ಟಲ್ಲಿ ಹೋಗಿ ಅತ್ತೆ, ನಾನು ಮೆಟ್ಟಿಲು ಹತ್ತಿ ಬರ್ತೀನಿ" ಎಂದ ಅವನು.

"ಒಬ್ಬಳೇ ಹೋಗೋಳಲ್ಲ ನಾನು. ಕಸರತ್ತು ನಾಳೆ ಮಾಡಿ ಅಳಿಯಂದ್ರೇ" ಎಂದು ಅತ್ತೆ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡರು. ಮಂಡಿ ನೋವಿದ್ದರೂ ಆಕೆಯ ಕೈಯ ಹಿಡಿತಕ್ಕೆ ಏನೂ ಆಗಿರಲಿಲ್ಲ.

ಆರನೇ ಮಹಡಿಗೂ ಏಳನೆಯದಕ್ಕೂ ನಡುವೆ ಲಿಫ್ಟ್ ನಿಂತಿತು. ಅತ್ತೆ ಒಂದಿಷ್ಟೂ ತಡಮಾಡದೆ ಕೆಂಪು ಗುಂಡಿ ಒತ್ತಿದರು. ಕೂಡಲೇ ಇವನ ಜೇಬಿನಲ್ಲಿ ಫೋನ್ ರಿಂಗಾಯಿತು. ಈ ಕಟ್ಟಡದ ತುರ್ತು ಕರೆಗಳೆಲ್ಲ ಡ್ಯೂಟಿಯಲ್ಲಿದ್ದವನ ಫೋನಿಗೇ ಬರುವಂತೆ ಮಾಡಿಟ್ಟವನು ಇವನೇ. ಇವತ್ತು ಡ್ಯೂಟಿ ಇವನದೇ. ಅಭ್ಯಾಸಬಲ ಬಿಡಲಿಲ್ಲ, ಫೋನ್ ಎತ್ತಿ ಕಿವಿಗಿಟ್ಟ.

"ನಮಸ್ಕಾರ. ಗಾಬರಿ ಆಗ್ಬೇಡಿ. ಲಿಫ್ಟ್ ಬೀಳಲ್ಲ. ಗಾಳಿ ಬೇಕಾದಷ್ಟಿದೆ. ಒಳಗೆ ಎಷ್ಟು ಜನ ಇದ್ದೀರಿ?"

"ಇಬ್ರು" ಎಂದರು ಅತ್ತೆ, ಗೋಡೆಯ ಸ್ಪೀಕರಿಗೆ ಬಾಯಿಟ್ಟು. "ಒಬ್ಬರ ಮುಖ ಸುಣ್ಣದ ಹಾಗಾಗಿದೆ. ಯಾವಾಗ ಬರ್ತೀರಿ?"

ಅವನು ಹೇಗೋ ಆ ಕರೆ ನಿಲ್ಲಿಸಿ, ಜೊತೆಯಲ್ಲಿ ಕೆಲಸ ಮಾಡುವ, ಎಲ್ಲರೂ ಮೀಸೆ ಎಂದೇ ಕರೆಯುವ ಗೆಳೆಯನಿಗೆ ಫೋನ್ ಹಚ್ಚಿದ. ಮೀಸೆ ಮನೆಯಲ್ಲಿ ಊಟಕ್ಕೆ ಕೂತಿದ್ದ. ಬರಲು ಇಪ್ಪತ್ತೈದು ನಿಮಿಷ ಬೇಕು ಎಂದ. ಇವನು ಗೋಡೆಗೊರಗಿ ಜಾರುತ್ತ ಜಾರುತ್ತ ನೆಲಕ್ಕೆ ಕುಸಿದ. ಷರ್ಟು ಮೈಗಂಟಿತ್ತು. ಹತ್ತೊಂಬತ್ತು ವರ್ಷ ಮುಚ್ಚಿಟ್ಟದ್ದು ಅತ್ತೆಯ ಎದುರು ಮುದ್ದೆಯಾಗಿ ಬಿದ್ದಿತ್ತು.

ಅತ್ತೆ ಮಂಡಿ ಹಿಡಿದುಕೊಂಡು, ಉಸ್ಸೆನ್ನುತ್ತ ಅವನ ಪಕ್ಕದಲ್ಲೇ ಕೂತರು. ಹೊಸ ಸೀರೆ ಕೊಳೆಯಾದೀತು ಎಂದೂ ನೋಡಲಿಲ್ಲ.

"ಗಾಬರಿ ಆಗ್ಬೇಡಿ. ಲಿಫ್ಟ್ ಬೀಳಲ್ಲ. ಗಾಳಿ ಬೇಕಾದಷ್ಟಿದೆ" ಎಂದು ಅವನ ಪಾಠವನ್ನು ಅವನಿಗೇ ಒಪ್ಪಿಸಿದರು. ಅವನಿಗೆ ನಗು ಬಂದು ಅರ್ಧದಲ್ಲೇ ನಿಂತುಹೋಯಿತು. "ಇನ್ನು ನಿಮ್ಮ ವಚನ ಹೇಳಿ. ಮದುವೆ ದಿನ ಬರೆದುಕೊಟ್ಟಿದ್ನಲ್ಲ."

ಡಾಕ್ಟರು ಮಾತ್ರೆ ಬರೆದುಕೊಡುವಂತೆ ಅತ್ತೆ ಮನೆಯವರಿಗೆಲ್ಲ ಬೈಬಲ್ಲಿನ ಒಂದೊಂದು ವಚನ ಬರೆದುಕೊಡುತ್ತಿದ್ದರು. ಇವನ ಚೀಟಿ ಪರ್ಸಿನಲ್ಲಿ ಲೈಸೆನ್ಸಿನ ಹಿಂದೆ ಇತ್ತು. ತೆಗೆದ. ಇಷ್ಟು ವರ್ಷವಾದರೂ ಮಡಿಕೆ ಇಸ್ತ್ರಿ ಹಾಕಿದಂತೆ ಗರಿಗರಿಯಾಗಿಯೇ ಇತ್ತು.

"ಒಂದು ಸಲವೂ ಬಿಚ್ಚಿಲ್ಲ" ಎಂದರು ಅತ್ತೆ.

"ಜೋಪಾನವಾಗಿ ಇಟ್ಟಿದ್ದೆ ಅತ್ತೆ."

"ಕಾಣ್ತಾ ಇದೆ. ಓದಿ."

ಅವನು ಓದಿದ: "ನಾನು ಕರ್ತನನ್ನು ಹುಡುಕಿದೆನು; ಆತನು ನನಗೆ ಉತ್ತರಕೊಟ್ಟು, ನನ್ನ ಎಲ್ಲಾ ಭಯಗಳಿಂದ ನನ್ನನ್ನು ಬಿಡಿಸಿದನು."

"ಎಲ್ಲಾ ಭಯ ಅಂತಿದೆ ಅತ್ತೆ. ಒಂದೇ ಒಂದು ಹೋಗಿದ್ದರೂ ನನಗೆ ಸಾಕಿತ್ತು."

"ಚೌಕಾಸಿ ಮಾಡೋಕೆ ಇದೇನು ಸಂತೆಯಾ? ಮತ್ತೆ ಓದಿ."

ಮತ್ತೆ ಓದಿದ. ಮೂರನೇ ಸಲಕ್ಕೆ ಚೀಟಿ ಬೇಕಾಗಲಿಲ್ಲ. ಏಳನೇ ಸಲಕ್ಕೆ ಉಸಿರು ತನ್ನ ಪಾಡಿಗೆ ತಾನು ಆಡತೊಡಗಿತು. ಭಯ ಹೋಗಿರಲಿಲ್ಲ, ಮೂಲೆಯಲ್ಲಿ ಕೂತಿತ್ತು, ಆದರೆ ಎದೆಯ ಮೇಲಿಂದ ಇಳಿದಿತ್ತು. ಅವನಿಗೆ ಅಳು ಬಂತು, ಅತ್ತ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ, ಎಂಟು ಮಹಡಿಯ ಗುಂಡಿಗಳನ್ನೂ ಬಹಳ ಆಸಕ್ತಿಯಿಂದ ನೋಡುತ್ತ ಕೂತರು.

ಕೊನೆಗೂ ಮೀಸೆ ಬಂದು ಲಿಫ್ಟನ್ನು ಏಳನೇ ಮಹಡಿಗೆ ಎಳೆದು ಬಾಗಿಲು ತೆಗೆದ. ಚಿಕ್ಕತ್ತೆ ಮೀಸೆಯನ್ನೂ ಕೂಟಕ್ಕೆ ಕರೆದು ಕೂರಿಸಿದರು. ಊರಿಗೆಲ್ಲ ಸುದ್ದಿ ಹಂಚಲು ಮೀಸೆಯೊಬ್ಬನೇ ಸಾಕು.

ಹಾಡು ಮುಗಿಯಿತು. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರು ಹೇಳಬಹುದು ಎಂದರು ಪಾದ್ರಿಗಳು. ಅತ್ತೆ ಎದ್ದು ನಿಂತರು.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ವಿ. ನನಗೆ ಜೀವವೇ ಹೋದ ಹಾಗಾಗಿತ್ತು. ನಮ್ಮ ಅಳಿಯಂದ್ರು ಪಕ್ಕದಲ್ಲಿ ಕೂತು ಧೈರ್ಯ ಹೇಳಿದ್ರು. ದೇವರಿಗೆ ಸ್ತೋತ್ರ."

ಎಲ್ಲರೂ ಅವನತ್ತ ಮೆಚ್ಚುಗೆಯಿಂದ ತಿರುಗಿದರು. ಹೆಂಡತಿಯ ಮುಖವಂತೂ ಅರಳಿತ್ತು. ಸುಮ್ಮನಿದ್ದರೆ ಆಯಿತು, ಹೆಸರು ಉಳಿಯುತ್ತದೆ. ಆದರೆ ಸುಳ್ಳು ಹೇಳಿ ತಲೆ ತಗ್ಗಿಸಿ ಕೂತ ಅತ್ತೆಯನ್ನು ಅವನು ನೋಡಿದ. ಎಂಬತ್ತರ ಹತ್ತಿರದ ಜೀವ, ದೇವರ ಎದುರಿಗೇ ಇವನಿಗಾಗಿ ಸುಳ್ಳಾಡಿತ್ತು. ಅವನಿಗೆ ತಡೆಯಲಾಗಲಿಲ್ಲ, ಎದ್ದ.

"ಹೆದರಿದ್ದು ಅತ್ತೆ ಅಲ್ಲ, ನಾನು. ಇವತ್ತಲ್ಲ, ಹತ್ತೊಂಬತ್ತು ವರ್ಷದಿಂದ. ಮೆಟ್ಟಿಲು ಹತ್ತೋದು ಕಸರತ್ತಿಗಲ್ಲ" ಎಂದ. ಆಮೇಲೆ ಚೀಟಿಯಿಲ್ಲದೆ ವಚನ ಹೇಳಿದ, ಎಲ್ಲಾ ಎಂಬ ಮಾತನ್ನು ಒತ್ತಿ ಹೇಳಿದ.

ಮೊದಲು ಮೀಸೆ ನಕ್ಕ, ಆಮೇಲೆ ಎಲ್ಲರೂ ನಕ್ಕರು, ಕೊನೆಗೆ ಅವನೂ. ನಗುವಿಗೆ ತಾನೇನೂ ಸಾಯಲಿಲ್ಲ ಎಂಬುದು ಅವನಿಗೇ ಆಶ್ಚರ್ಯ. ಹೆಂಡತಿ ಮಾತ್ರ ಪಕ್ಕಕ್ಕೆ ಬಂದು "ಮೊದಲೇ ಹೇಳೋಕೇನಾಗಿತ್ತು?" ಎಂದು ತೋಳು ಚಿವುಟಿ, ಆ ತೋಳನ್ನು ಬಿಡದೆ ಹಿಡಿದು ನಿಂತಳು.

ಇಳಿಯುವಾಗ ಅವನೇ ಮೊದಲು ಲಿಫ್ಟಿನೊಳಗೆ ಹೋಗಿ ಅತ್ತೆಗೆ ಕೈಕೊಟ್ಟ. ಅಂಗೈ ಬೆವರಿತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸಿದರು.

ಈಗಲೂ ಯಾವುದೋ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಅದೇ ದನಿ ಕೇಳುತ್ತದೆ. ಗಾಬರಿ ಆಗ್ಬೇಡಿ, ಲಿಫ್ಟ್ ಬೀಳಲ್ಲ, ಗಾಳಿ ಬೇಕಾದಷ್ಟಿದೆ. ಅದರ ಕೊನೆಗೆ ಒಂದು ಮಾತು ಹೊಸದಾಗಿ ಸೇರಿದೆ: "ನಾನೂ ಒಳಗೆ ಕೂತು ಅತ್ತವನೇ. ಬರೋವರೆಗೂ ಫೋನ್ ಇಡಲ್ಲ, ಮಾತಾಡ್ತಾ ಇರಿ."