ಗೋಡೆಯ ಮೇಲಿನ ಒಂದೇ ಸಾಲು

ನಾನು ಕ್ರೈಸ್ತರ ಮನೆಗಳಲ್ಲಿ ತೂಗುಹಾಕುವ ಒಂದು ವಾಕ್ಯದ ಫಲಕ. ಕಪ್ಪು ಬಟ್ಟೆಯ ಮೇಲೆ ಬಂಗಾರ ಬಣ್ಣದ ಅಕ್ಷರ, ಮುಂದೆ ಗಾಜು, ಸುತ್ತ ಮರದ ಕಟ್ಟು. ಹುಬ್ಬಳ್ಳಿಯ ಫೋಟೋ ಫ್ರೇಮಿನ ಅಂಗಡಿಯೊಂದರಲ್ಲಿ ಹುಟ್ಟಿದೆ. ಉಳಿದ ಫಲಕಗಳೆಲ್ಲ ಗೋಡೆಗೆ ಒರಗಿ ತೆಪ್ಪಗಿದ್ದರೆ ನಾನೊಬ್ಬನೇ ಚಡಪಡಿಸುತ್ತಿದ್ದೆ. ಯಾರು ಕೊಳ್ಳುತ್ತಾರೆ, ಎಷ್ಟು ಜನ ನನ್ನನ್ನು ಓದುತ್ತಾರೆ, ಅದೇ ಯೋಚನೆ. ನನ್ನ ಮೇಲಿದ್ದದ್ದು ಬೈಬಲಿನ ಒಂದೇ ಸಾಲು. ಆರಂಭ ಅಲ್ಪವಾದರೂ ಕೊನೆ ದೊಡ್ಡದಾಗುತ್ತದೆ ಎಂಬ ಅರ್ಥದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ, ಯೋಬನ ಪುಸ್ತಕ, ಎಂಟನೆಯ ಅಧ್ಯಾಯ.

ಬೆಟಗೇರಿಯಲ್ಲಿ ಲೂಕಪ್ಪ ಬೇಕರಿ ತೆರೆದ ದಿನ, ಅವನ ಚರ್ಚಿನ ಸಭೆಯ ಹಿರಿಯರಾದ ಸಮುವೇಲಪ್ಪನವರು ನನ್ನನ್ನು ಉಡುಗೊರೆಯಾಗಿ ತಂದರು. ಗಲ್ಲಾಪೆಟ್ಟಿಗೆಯ ಮೇಲೆ ನನಗೆ ಜಾಗವಾಯಿತು. ಬೇಕರಿ ಬೆಳೆಯಿತು. ಎಲ್ಲಾ ಈ ವಾಕ್ಯದ ಆಶೀರ್ವಾದ ಎಂದು ಲೂಕಪ್ಪ ಗಿರಾಕಿಗಳಿಗೆ ಹೇಳುವಾಗ ನಾನು ಉಬ್ಬಿಹೋಗುತ್ತಿದ್ದೆ. ಯಾರಾದರೂ ನನ್ನನ್ನು ನೋಡದೆ ಬ್ರೆಡ್ಡು ಕೊಂಡು ಹೊರಟರೆ, ಫ್ಯಾನಿನ ಗಾಳಿಯ ನೆಪದಲ್ಲಿ ಗೋಡೆಗೆ ಟಕಟಕ ಬಡಿದುಕೊಂಡು ಕರೆಯುತ್ತಿದ್ದೆ.

ಹೊಸ ಮನೆಯಾದ ಮೇಲೆ ನನ್ನನ್ನು ಪಡಸಾಲೆಗೆ ತಂದರು. ಅಲ್ಲಿ ದಿನಾ ಸಂಜೆ ಮನೆಪ್ರಾರ್ಥನೆ. ಲೂಕಪ್ಪನ ಹೆಂಡತಿ ಎಸ್ತೇರವ್ವ ಬೈಬಲ್ ಓದುತ್ತಿದ್ದಳು. ಓದುತ್ತಿದ್ದಳು ಎನ್ನುವುದಕ್ಕಿಂತ ಒಪ್ಪಿಸುತ್ತಿದ್ದಳು. ಬಾಯಿಪಾಠವಾಗಿದ್ದ ನಾಲ್ಕಾರು ಕೀರ್ತನೆಗಳೇ ಸರದಿಯ ಮೇಲೆ ಬರುತ್ತಿದ್ದವು. ಕಣ್ಣು ಪುಟದ ಮೇಲೆ, ಮನಸ್ಸು ಒಲೆಯ ಮೇಲಿನ ಸಾರಿನಲ್ಲಿ. ಒಬ್ಬನೇ ಮಗ ಜಯವಂತ ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದ.

ಆ ಜಯವಂತ ಕಾಲೇಜು ಮುಗಿಸಿದ ವರ್ಷವೇ ಡೆಂಗಿ ಜ್ವರದಲ್ಲಿ ತೀರಿಕೊಂಡ.

ಸಮಾಧಾನ ಹೇಳಲು ಜನ ಬಂದರು. ಸಮುವೇಲಪ್ಪನವರೂ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. "ಮನ್ಯಾಗ ಏನರ ತಪ್ಪು ನಡದಿದ್ರ ದೇವರ ಮುಂದ ಒಪ್ಪಿಕೊಳ್ಳವಾ ತಂಗಿ. ಮುಂದ ಎಲ್ಲಾ ಛಲೋ ಆಕ್ಕೈತಿ. ಗ್ವಾಡಿ ಮ್ಯಾಲನ ಬರದೈತಲ್ಲ," ಎಂದು ಸಮುವೇಲಪ್ಪನವರು ನನ್ನ ಕಡೆ ಕೈ ತೋರಿಸಿದರು. ಎಸ್ತೇರವ್ವ ನನ್ನನ್ನು ನೋಡಿದ ಆ ನೋಟವನ್ನು ನನಗೆ ತಡೆಯಲಾಗಲಿಲ್ಲ.

ಅಂದಿನಿಂದ ಅವಳು ಬೈಬಲ್ ಮುಟ್ಟಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಅಡುಗೆಮನೆ ಸೇರಿಬಿಡುತ್ತಿದ್ದಳು. ಲೂಕಪ್ಪ ಕರೆದು ಕರೆದು ಸೋತ. ಮಗನ ಹಿಂದೆ ಹೆಂಡತಿಯೂ ತನ್ನ ಕೈತಪ್ಪುತ್ತಿದ್ದಾಳೆ ಎಂಬ ಹೆದರಿಕೆ ಅವನಿಗೆ. ಹೆದರಿಕೆಯಾದಾಗಲೆಲ್ಲ ಮಾತಾಡುತ್ತಿದ್ದ, ಮಾತಿಗೊಮ್ಮೆ ನನ್ನನ್ನು ತೋರಿಸುತ್ತಿದ್ದ. ಅವಳು ಇನ್ನಷ್ಟು ದೂರ ಸರಿಯುತ್ತಿದ್ದಳು. ನಾನೋ, ನೇತಾಡುವುದನ್ನು ಬಿಟ್ಟು ಏನೂ ಮಾಡಲಾರದವನು.

ಒಂದು ಮಧ್ಯಾಹ್ನ ಎಸ್ತೇರವ್ವ ನನ್ನ ಗಾಜಿನ ಧೂಳು ಒರೆಸಲು ಬಂದವಳು ಹಾಗೇ ನಿಂತಳು. ಕೆಳಗಿನ ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ. ಅವಳು ಓದಿದಳು. ಇಷ್ಟು ಸಲೀಸಾಗಿ ಈ ಮಾತು ಹೇಳಿದವರು ಯಾರೆಂದು ಗಂಡನನ್ನು ಕೇಳಿದಳು. ದೇವರೇ ಹೇಳಿದ್ದು, ಮತ್ಯಾರು ಎಂದ ಲೂಕಪ್ಪ. ನಾನೂ ಹಾಗೆಂದೇ ತಿಳಿದಿದ್ದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬೈಬಲ್ ತೆಗೆದಳು. ಹೇಳಿದವನು ದೇವರಲ್ಲ. ಬಿಲ್ದದ ಎಂಬುವನು, ಯೋಬನ ಗೆಳೆಯ. ಮಕ್ಕಳನ್ನೆಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನಿಗೆ ಸಮಾಧಾನ ಹೇಳಲು ಬಂದವನು. ನನ್ನ ಸಾಲಿಗಿಂತ ಸ್ವಲ್ಪ ಮೇಲೆಯೇ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಸತ್ತಿರಬೇಕು ಎಂಬ ಅವನ ಮಾತೂ ಇತ್ತು.

ಎಸ್ತೇರವ್ವ ಪುಸ್ತಕ ಹಿಡಿದೇ ನೆಲದ ಮೇಲೆ ಕೂತಳು. ಈಗ ಪುಸ್ತಕ ಎಸೆಯುತ್ತಾಳೆ ಎಂದುಕೊಂಡೆ. ಅವಳು ಪುಟ ತಿರುಗಿಸಿದಳು. ಈ ಬಿಲ್ದದನಿಗೆ ಯಾರಾದರೂ ತಿರುಗಿ ಹೇಳಿದರೋ ಇಲ್ಲವೋ, ಅವಳಿಗೆ ಅದು ತಿಳಿಯಬೇಕಿತ್ತು.

ಯೋಬನೇ ಹೇಳಿದ. ಗೆಳೆಯರಿಗಷ್ಟೇ ಅಲ್ಲ, ದೇವರಿಗೂ ಹೇಳಿದ. ನನಗೇಕೆ ಹೀಗೆ ಮಾಡಿದೆ ಎಂದು ಕೇಳಿದ, ಜಗಳವಾಡಿದ, ತಾನು ಹುಟ್ಟಲೇಬಾರದಿತ್ತು ಎಂದ. ಎಸ್ತೇರವ್ವ ದಿನದಿನವೂ ಗಟ್ಟಿಯಾಗಿ ಓದಿದಳು. ಅದು ಒಪ್ಪಿಸುವ ದನಿಯಲ್ಲ. ನಿಲ್ಲುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು, ಅದೇ ಸಾಲನ್ನು ಮತ್ತೆ ಹಿಡಿಯುತ್ತಿತ್ತು. ಚಹಾ ಆರಿದರೂ ಗೊತ್ತಾಗುತ್ತಿರಲಿಲ್ಲ. "ಇದೆಲ್ಲಾ ಇದರಾಗ ಇತ್ತು," ಎಂದು ತನಗೆ ತಾನೇ ಹೇಳಿಕೊಂಡಳು. ನನಗೆ ಮಾತ್ರ ಒಂದೇ ಕಳವಳ, ಬಿಲ್ದದನ ಗತಿ ಕೊನೆಗೆ ಏನಾಗುತ್ತದೋ ಎಂದು.

ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎಂದ. ಎಸ್ತೇರವ್ವ ಅಳತೊಡಗಿದಳು. ಮಗ ಹೋದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಮುಗಿಸಿದ ಪುಸ್ತಕವನ್ನು ಮತ್ತೆ ಮೊದಲಿನಿಂದ ಹಿಡಿದಳು.

ನನ್ನ ಸಾಲು ಯಾರದೆಂದು ಅವಳಿಂದ ತಿಳಿದು ಲೂಕಪ್ಪ ನನ್ನ ಹತ್ತಿರ ಬಂದ. "ಇದನ್ನ ತಗದು ಒಗೀಲೇನು?" ಎಂದು ನನಗೆ ಕೈ ಹಾಕಿದ.

"ಒಗೀಬ್ಯಾಡ್ರಿ. ಆ ಗೆಳೆಯರು ಮೊದಲ ಏಳು ದಿನ ಯೋಬನ ಬಾಜೂಕ ನೆಲದ ಮ್ಯಾಲ ಸುಮ್ಮನ ಕುಂತಿದ್ರು. ಅಷ್ಟು ಛಲೋ ಮಾಡಿದ್ರು. ಬಾಯಿ ತಗದ ಮ್ಯಾಲ ಕೆಡಿಸಿದ್ರು. ಇದೂ ಸುಮ್ಮನ ಇರ್ಲಿ," ಎಂದಳು.

ಲೂಕಪ್ಪ ನನ್ನನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ. ಆಮೇಲೆ ಬಂದು ಅವಳ ಪಕ್ಕ ಕೂತ. ಏನೂ ಹೇಳಲಿಲ್ಲ. ಅವಳು ಎದ್ದು ಹೋಗಲೂ ಇಲ್ಲ.

ಈಗ ನನ್ನ ಮುಂದೆ ಬರೀ ಸುಣ್ಣದ ಗೋಡೆ. ಬಂಗಾರದ ಬಣ್ಣ ಉದುರುತ್ತಿದೆ, ಚೌಕಟ್ಟಿಗೆ ಹುಳ ಬಿದ್ದಿದೆ. ಒಂದೇ ಸಾಲು ಹೊತ್ತು ಇಷ್ಟು ವರ್ಷ ಮೆರೆದೆ. ಉಳಿದದ್ದನ್ನು ಸಂಜೆ ಸಂಜೆ ಬೆನ್ನ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಆದರೂ ಸಮಾಧಾನವಿಲ್ಲ. ಆ ಪುಸ್ತಕದ ಕೊನೆಯಲ್ಲಿ ಯೋಬ ತನ್ನನ್ನು ನೋಯಿಸಿದ ಆ ಗೆಳೆಯರ ಕ್ಷಮೆಗಾಗಿ ಪ್ರಾರ್ಥಿಸಬೇಕಾಗುತ್ತದೆ. ಆ ಜಾಗ ಬಂದಾಗಲೆಲ್ಲ ಎಸ್ತೇರವ್ವ ಓದುವುದನ್ನು ನಿಲ್ಲಿಸಿಬಿಡುತ್ತಿದ್ದಳು. ನಿನ್ನೆ ಸಂಜೆ ನಿಲ್ಲಿಸಲಿಲ್ಲ. ಓದಿ ಮುಗಿಸಿ ಸಮುವೇಲಪ್ಪನವರ ಹೆಸರು ಹಿಡಿದು ಪ್ರಾರ್ಥಿಸಿದಳು. ಒಂದಲ್ಲ ಒಂದು ಸಂಜೆ ನನ್ನನ್ನೂ ನೆನೆದಾಳು ಎಂದು ಗೋಡೆಗೆ ಮುಖ ಮಾಡಿಕೊಂಡೇ ಕಾಯುತ್ತಿದ್ದೇನೆ.